ಬೆರಳು ಹಿಡಿದು ತಿದ್ದಿಸುವವರಿಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ಶಾಲೆಗಳಲ್ಲಿ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಪಾಠ ಹೇಳುತ್ತಿರುವ ಎಲ್ಲ ಗುರುಗಳಿಗೆ,



ಹೋದ ಬೇಸಿಗೆಯಲ್ಲಿ ನಿಮ್ಮಲ್ಲಿ ಕೆಲವರ ತರಬೇತಿಗೆ ಬಂದು ಒಂದು ಮಧ್ಯಾಹ್ನ ನಿಮ್ಮ ಜೊತೆ ಕಳೆದೆ. ಊಟದ ಹೊತ್ತಿಗೆ ಸೇಡಂ ಕಡೆಯ ಟೀಚರ್ ಒಬ್ಬರು ಕೈಪಿಡಿ ಹಿಡಿದುಕೊಂಡು ಬಂದರು. "ಸರ್, ಮಕ್ಕಳೊಳಗ ಮೌಲ್ಯ ಇನ್‌ಕಲ್ಕೇಟ್ ಮಾಡ್ಬೇಕು ಅಂತ ಇದ್ರಾಗ ಬರ್ದಾರ. ಇನ್‌ಕಲ್ಕೇಟ್ ಅಂದ್ರ ಕನ್ನಡದಾಗ ಏನಂತಾರ್ರಿ?" ಎಂದು ಕೇಳಿದರು. ಬಿತ್ತುವುದು, ಬೇರೂರಿಸುವುದು, ಮನದಟ್ಟು ಮಾಡುವುದು ಎಂದು ಬಾಯಿಗೆ ಬಂದ ಮೂರು ಮಾತು ಹೇಳಿದೆ. ಅವರು ತಲೆಯಾಡಿಸಿ ಹೋದರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮೂವತ್ತಮೂರು ವರ್ಷ ಇದೇ ಸೀಮೆಯಲ್ಲಿ ಕನ್ನಡ ಕಲಿಸಿದವನು ನಾನು. ಹೇಳಿದ್ದನ್ನೇ ಹೇಳಿ, ಬರೆಸಿದ್ದನ್ನೇ ಬರೆಸಿ ಕಲಿಸುವ ಕೆಲಸವೇ ನನ್ನ ಬದುಕಾಗಿತ್ತು. ಆ ಕೆಲಸದ ಹೆಸರೇನೆಂದು ಕೇಳಿದಾಗ ಗಟ್ಟಿ ಉತ್ತರ ಬರಲಿಲ್ಲ. ಅಂದು ಕೊಡಲಾಗದ ಉತ್ತರವನ್ನು ಈ ಕಾಗದದಲ್ಲಿ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲು ಆ ಇಂಗ್ಲಿಷ್ ಪದದ ಹುಟ್ಟು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ಕ್ಯಾಲ್ಕ್ಸ್ ಎಂದರೆ ಹಿಮ್ಮಡಿ, ನಮ್ಮ ಮಾತಿನ ಹಿಂಬಡ. ಅದರಿಂದ ಹುಟ್ಟಿದ ಇನ್‌ಕುಲ್ಕಾರೆ ಎಂಬ ಕ್ರಿಯಾಪದಕ್ಕೆ ಹಿಂಬಡದಿಂದ ತುಳಿದು ಒಳಗೆ ಸೇರಿಸುವುದು ಎಂಬ ಅರ್ಥ. ಚೀಲಕ್ಕೆ ಹತ್ತಿ ತುಂಬುವಾಗ ಮೇಲೆ ನಿಂತು ತುಳಿಯುತ್ತಾರಲ್ಲ, ಹಾಗೆ. ತುಳಿದ ಜಾಗವನ್ನೇ ಮತ್ತೆ ತುಳಿದರೆ ಮಾತು ತಲೆಯೊಳಗೆ ಕೂರುತ್ತದೆ ಎಂಬ ಭಾವನೆಯಿಂದ ಅದು ಕಲಿಸುವುದಕ್ಕೆ ಹೆಸರಾಯಿತು. 16ನೆಯ ಶತಮಾನದಲ್ಲಿ ಇಂಗ್ಲಿಷಿಗೂ ಬಂತು. ನಾವು ದಿನಾ ಬಳಸುವ ಡ್ರಿಲ್ ಎಂಬ ಮಾತು ಡಚ್ ಭಾಷೆಯದು. ಅಲ್ಲಿ ಅದಕ್ಕೆ ತಿರುಗಿಸಿ ಕೊರೆಯುವುದು ಎಂಬ ಅರ್ಥ. ವಾಡಿಯ ಸುಣ್ಣಕಲ್ಲಿನ ಗಣಿಯಲ್ಲಿ ಬಂಡೆ ಕೊರೆಯುವ ಡ್ರಿಲ್ಲಿಗೂ ಶಾಲೆಯ ಅಂಗಳದಲ್ಲಿ ಮಕ್ಕಳನ್ನು ನಿಲ್ಲಿಸಿ ಮಾಡಿಸುವ ಡ್ರಿಲ್ಲಿಗೂ ಮೂಲ ಒಂದೇ. ಒಂದು ಮಾತಿನಲ್ಲಿ ತುಳಿತ, ಇನ್ನೊಂದರಲ್ಲಿ ಕೊರೆತ.

ತುಳಿತ ಎಂದೊಡನೆ ಕೆಟ್ಟದ್ದು ಎನ್ನಲಾರೆ. ಕುಂಬಾರರು ಮಣ್ಣನ್ನು ಕಾಲಿನಿಂದಲೇ ತುಳಿದು ಹದ ಮಾಡುತ್ತಾರೆ. ಆದರೆ ಗಡಿಗೆ ಎದ್ದು ಬರುವುದು ಬೆರಳಿನಿಂದ. ನಮ್ಮ ಮಕ್ಕಳಾದರೋ ಹದವಾಗಿಯೇ ಶಾಲೆಗೆ ಬರುತ್ತಾರೆ. ಆರು ವರ್ಷದ ಕೂಸು ತಾಯಿಭಾಷೆಯ ಸಾವಿರಾರು ಮಾತುಗಳನ್ನು ಯಾರ ತುಳಿತವೂ ಇಲ್ಲದೆ ಕಲಿತು ಬಂದಿರುತ್ತದೆ.

ಇನ್ನು ನಮ್ಮ ಮನೆಯ ಮಾತುಗಳು. ಇವುಗಳಲ್ಲೂ ಎಲ್ಲವೂ ಮೆತ್ತಗಿಲ್ಲ. ಬಾಯಿಪಾಠಕ್ಕೆ ನಾವು ಉರು ಎನ್ನುತ್ತೇವೆ, ಆ ಉರುವನ್ನು 'ಹೊಡೆಯುತ್ತೇವೆ'. ಆದ್ದರಿಂದ ಲ್ಯಾಟಿನ್ನಿನ ಹಿಂಬಡ ನೋಡಿ ನಾವು ಹೆಮ್ಮೆಪಡುವ ಹಾಗಿಲ್ಲ. ಸಂಸ್ಕೃತದ ಅಭ್ಯಾಸ ಎಂಬ ಮಾತಿನೊಳಗೆ ಎಸೆಯುವ ಅರ್ಥದ ಧಾತುವಿದೆ. ಒಂದೇ ಗುರಿಯ ಕಡೆಗೆ ಮತ್ತೆ ಮತ್ತೆ ಎಸೆಯುವುದು. ಪಾಣಿನಿಯ ವ್ಯಾಕರಣದಲ್ಲಿ ಇದೇ ಮಾತಿಗೆ ಇನ್ನೊಂದು ಕೆಲಸವಿದೆ. 'ದಾ' ಎಂಬ ಧಾತು ಇಮ್ಮಡಿಸಿ 'ದದಾತಿ' ಆದಾಗ ಮೊದಲ 'ದ'ಕಾರಕ್ಕೆ ಅಭ್ಯಾಸ ಎಂದೇ ಹೆಸರು. ಅರಬ್ಬಿಯಿಂದ ಉರ್ದುವಿನ ದಾರಿಯಲ್ಲಿ ನಮಗೆ ಬಂದ ತಾಲೀಮು ಇಲ್ಮ್, ಅಂದರೆ ಅರಿವು, ಎಂಬುದರ ಬಳಗದ್ದು. ಅರಿಯುವ ಕ್ರಿಯಾಪದದ ನಡುವಿನ 'ಲ'ಕಾರವನ್ನು ಇಮ್ಮಡಿಸಿದರೆ ಆ ಭಾಷೆಯಲ್ಲಿ ಅದು ಕಲಿಸುವ ಕ್ರಿಯಾಪದವಾಗುತ್ತದೆ. ಎರಡು ದೊಡ್ಡ ಭಾಷೆಗಳೂ ಪುನರಾವರ್ತನೆಯನ್ನು ಮಾತಿನ ಮೈಯೊಳಗೇ ಇಟ್ಟುಕೊಂಡಿವೆ.

ಇವೆಲ್ಲವನ್ನೂ ದಾಟಿ ನಾನು ನಿಮ್ಮ ಮುಂದೆ ಇಡಬೇಕೆಂದಿರುವ ಮಾತು ಪುಟ್ಟದು, ನಿಮಗೆಲ್ಲ ಗೊತ್ತಿರುವುದು: ತಿದ್ದು.

ಹಳಗನ್ನಡದಲ್ಲಿ ಇದು ತಿರ್ದು. ಮರ್ದು ಮದ್ದಾದಂತೆ, ಇರ್ದು ಇದ್ದು ಆದಂತೆ, ತಿರ್ದು ತಿದ್ದು ಆಯಿತು. ತಮಿಳಿನ ತಿರುತ್ತು, ತೆಲುಗಿನ ದಿದ್ದು ಇದರ ಒಡಹುಟ್ಟುಗಳು. ಮೂಲದ ಅರ್ಥ ಸರಿಮಾಡು, ಓರೆಯಾದದ್ದನ್ನು ನೆಟ್ಟಗೆ ಮಾಡು, ಅಂದಗೊಳಿಸು. ಹಣೆಗೆ ಕುಂಕುಮ ತಿದ್ದುತ್ತೇವೆ, ಕಾನೂನಿಗೆ ತಿದ್ದುಪಡಿ ತರುತ್ತೇವೆ, ದಾರಿ ತಪ್ಪಿದ ಮಗನನ್ನು ತಿದ್ದುತ್ತೇವೆ. 1910ರಲ್ಲಿ ಗುರಜಾಡ ಅಪ್ಪಾರಾವ್ ಬರೆದ, ತೆಲುಗಿನ ಹೊಸ ಸಣ್ಣಕತೆಗೆ ನಾಂದಿ ಎನ್ನುವ 'ದಿದ್ದುಬಾಟು' ಕತೆಯ ಹೆಸರಲ್ಲೂ ಇದೇ ಬೇರಿದೆ. ಅಡ್ಡದಾರಿ ಹಿಡಿದ ಗಂಡನನ್ನು ಹೆಂಡತಿ ತಿದ್ದುವ ಕತೆ ಅದು. ಸೇಡಂ, ಚಿಂಚೋಳಿಯ ಗಡಿ ದಾಟಿ ತಾಂಡೂರು, ಕೊಡಂಗಲ್ ಕಡೆಗೆ ಹೋದರೆ ಅಲ್ಲಿಯ ತಾಯಂದಿರೂ ಮಕ್ಕಳ ಕೈಯಲ್ಲಿ ಅಕ್ಷರ ದಿದ್ದಿಸುತ್ತಾರೆ. ಗಡಿಯ ಕಲ್ಲಿಗೆ ಎರಡು ಬದಿಯಿದೆ, ಈ ಮಾತಿಗೆ ಇಲ್ಲ.

ಈಗ ಒಂದನೆಯ ತರಗತಿಯ ಕೋಣೆಗೆ ಬನ್ನಿ. ಪಾಟಿಯ ಮೇಲೆ ನೀವು ದೊಡ್ಡದಾಗಿ 'ಅ' ಬರೆದು ಕೊಡುತ್ತೀರಿ. ಮಗು ಬಳಪ ಹಿಡಿದು ಅದರ ಮೇಲೇ ಹತ್ತು ಸಲ, ಇಪ್ಪತ್ತು ಸಲ ಕೈಯಾಡಿಸುತ್ತದೆ. ಅಕ್ಷರ ದಪ್ಪಗಾಗುತ್ತಾ ಹೋಗುತ್ತದೆ. ಮಗು ಏನು ಮಾಡುತ್ತಿದೆ? ಅಕ್ಷರ ತಿದ್ದುತ್ತಿದೆ. ಬೆರಳು ಹಿಡಿದು ನೀವು ಏನು ಮಾಡುತ್ತೀರಿ? ತಿದ್ದಿಸುತ್ತೀರಿ. ಸಂಜೆ ಮಕ್ಕಳ ಪಟ್ಟಿ ಮುಂದಿಟ್ಟುಕೊಂಡು ಕೆಂಪು ಪೆನ್ನಿನಿಂದ ಮಾಡುವುದೇನು? ಅದೂ ತಿದ್ದುವುದೇ. ಮಗು ಮತ್ತೆ ಮತ್ತೆ ಮಾಡುವ ಕೆಲಸಕ್ಕೂ ಗುರು ಕಣ್ಣಿಟ್ಟು ಸರಿಮಾಡುವ ಕೆಲಸಕ್ಕೂ ಕನ್ನಡ ಒಂದೇ ಕ್ರಿಯಾಪದ ಕೊಟ್ಟಿದೆ. ಒಂದನ್ನು ಬಿಟ್ಟು ಇನ್ನೊಂದು ಇಲ್ಲ. ಮತ್ತೆ ಮಾಡುವುದು, ಪ್ರತಿ ಸಲವೂ ಒಂದಿಷ್ಟು ನೇರವಾಗುವುದು, ಇವೆರಡೂ ಕೂಡಿದ್ದೇ ತಿದ್ದುವುದು. ಸರಿಮಾಡುವ ಕಣ್ಣು ಅಲ್ಲಿ ಇಲ್ಲದೆ ಹೋದರೆ ಉಳಿಯುವುದು ಬರೀ ಉರು.

ಇದನ್ನು ನಾನು ನಿಘಂಟಿನಿಂದ ಕಲಿಯಲಿಲ್ಲ. ಕಲಿಸಿದವನು ಚಿಂಚೋಳಿ ಕಡೆಯ ಒಂದು ತಾಂಡಾದ ಹುಡುಗ.

ಆಗ ನನ್ನದು ಹೊಸ ನೌಕರಿ. ನಾಲ್ಕನೆಯ ತರಗತಿ. ಆ ಹುಡುಗನ ಮನೆಮಾತು ಲಂಬಾಣಿ, ಶಾಲೆಗೆ ಬಂದ ಮೇಲೆಯೇ ಕನ್ನಡ. ಒಂದು ದಿನ ವಿದ್ಯಾರ್ಥಿ ಎಂಬುದನ್ನು ತಪ್ಪಾಗಿ ಬರೆದ. ನಾನು ಬೋರ್ಡಿನ ಮೇಲೆ ಸರಿಯಾಗಿ ಬರೆದು, "ನಾಳಿಗಿ ನೂರು ಸಲ ಬರ್ಕೊಂಡ್ ಬಾ" ಎಂದೆ. ಮರುದಿನ ಮುಂಜಾನೆ ಪಟ್ಟಿ ಚಾಚಿ, "ನೂರೂ ಬರ್ದೀನ್ರಿ ಸರ್" ಎಂದು ನಿಂತ. ಬೆರಳಿನ ತುದಿ ಕೆಂಪಾಗಿತ್ತು. ನಾನು ಪುಟ ತಿರುವಿ, ಸಾಲು ತುಂಬಿವೆ ಎಂಬುದನ್ನಷ್ಟೇ ನೋಡಿ, ಕೆಳಗೆ ಸಹಿ ಹಾಕಿ ಕಳಿಸಿದೆ.

ಅವತ್ತು ಸಂಜೆ ಪಟ್ಟಿಗಳನ್ನು ಜೋಡಿಸಿಡುವಾಗ ಅದೇ ಪುಟ ತೆರೆದುಕೊಂಡಿತು. ಸಾಲಿಗೊಂದರಂತೆ ಬರೆದ ಪದ ಮೊದಲ ಎರಡು ಸಾಲಿನಲ್ಲಿ ಸರಿಯಾಗಿತ್ತು. ಮೂರನೆಯ ಸಾಲಿನಿಂದ ಅದು 'ವಿಧ್ಯಾರ್ಥಿ' ಆಗಿತ್ತು. ಅಲ್ಲಿಂದ ಮುಂದೆ ಬೋರ್ಡು ಅವನ ಕಣ್ಣ ಮುಂದೆ ಇರಲಿಲ್ಲ, ಮೇಲಿನ ಸಾಲು ಮಾತ್ರ ಇತ್ತು. ತೊಂಬತ್ತೆಂಟು ಸಲ ಅವನು ತಪ್ಪನ್ನೇ ಬರೆದಿದ್ದ, ಅಂದವಾಗಿ, ಒಂದೇ ಅಳತೆಯಲ್ಲಿ. ತಪ್ಪಿಗೆ ಕಾರಣವೂ ಇತ್ತು. ಕೊನೆಯ 'ಥಿ' ಅಕ್ಷರದ ಹೊಟ್ಟೆಯ ಕೆಳಗೆ ಒಂದು ಗೀಟು ಇದೆಯಲ್ಲ, ಅದನ್ನು ನೋಡಿ ಹಿಂದಿನ 'ದ'ಕಾರಕ್ಕೂ ಗೀಟು ಎಳೆದಿದ್ದ. ಮಗು ಯೋಚಿಸಿಯೇ ತಪ್ಪು ಮಾಡಿತ್ತು. ಯೋಚಿಸದೆ ಸಹಿ ಹಾಕಿದವನು ನಾನು.

ಮರುದಿನ ಕರೆದು ಹೇಳಬೇಕಿತ್ತು. ಬೇಸಿಗೆ ರಜೆ ಹತ್ತಿರವಿತ್ತು. ಅವನ ಮನೆಯವರು ದುಡಿಯಲು ಪುಣೆಗೆ ಹೊರಟರು, ಅವನೂ ಹೋದ. ಮಾತು ಅಲ್ಲಿಗೇ ನಿಂತಿತು.

ಸುಮಾರು ಮೂವತ್ತು ವರ್ಷದ ಮೇಲೆ ಅವನು ನನ್ನನ್ನು ಹುಡುಕಿಕೊಂಡು ಮಗಳ ಮದುವೆಯ ಕಾರ್ಡು ಕಳಿಸಿದ. ಕಾರ್ಡಿನ ಹಿಂದೆ ತನ್ನ ಕೈಯಾರೆ ನಾಲ್ಕು ಸಾಲು ಬರೆದಿದ್ದ. ಗುರುಗಳು ತಪ್ಪದೆ ಬರಬೇಕು ಎಂದು. ಕೊನೆಗೆ, 'ನಿಮ್ಮ ವಿಧ್ಯಾರ್ಥಿ'. ಆ ಗೀಟು ಹಾಗೇ ಇತ್ತು. ನಾನು ಕಲಿಸಿದ್ದನ್ನು ಅವನು ಮರೆತಿರಲಿಲ್ಲ. ನಾನು ಕಲಿಸಿದ್ದೇ ಅದು.

ನಮ್ಮ ಹಿರಿಯರ ಗಾದೆಯೊಂದಿದೆ: ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ. ಮತ್ತೆ ಮತ್ತೆ ಮಾಡುವುದರಿಂದ ಎರಡೂ ಬರುತ್ತವೆ ಎಂದು ಗಾದೆ ಕಟ್ಟಿದವರಿಗೆ ತಿಳಿದಿತ್ತು. ರಾಗ ಬೇಕೋ ರೋಗ ಬೇಕೋ ಎಂಬುದನ್ನು ತೀರ್ಮಾನಿಸುವುದು ಎಷ್ಟು ಸಲ ಎಂಬ ಲೆಕ್ಕವಲ್ಲ, ಪಕ್ಕದಲ್ಲಿ ಕುಳಿತು ಕೇಳುವ ಕಿವಿ.

ಇದನ್ನೇ ನಮ್ಮ ಚಿತ್ತಾಪುರ ತಾಲ್ಲೂಕಿನ ನೆಲ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಹೇಳುತ್ತಾ ಬಂದಿದೆ. ಭೀಮಾ ತೀರದ ಸನ್ನತಿಗೆ ನಿಮ್ಮಲ್ಲಿ ಬಹಳಷ್ಟು ಜನ ಚಂದ್ರಲಾಂಬೆಯ ದರ್ಶನಕ್ಕೆ ಹೋಗಿದ್ದೀರಿ. 1986ರಲ್ಲಿ ಆ ಗುಡಿಯ ಆವರಣದ ಕಾಳಿ ಗುಡಿಯ ಛಾವಣಿ ಕುಸಿಯಿತು. ಅವಶೇಷ ತೆಗೆಯುವಾಗ ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರ ಕಂಡವು. ಅವು ಅಶೋಕನ ಶಾಸನಗಳು. ನಡುವೆ ತೂತು ಕೊರೆದಿದ್ದರಿಂದ ಅರ್ಧಂಬರ್ಧ ಉಳಿದಿರುವ ಆ ಬಂಡೆಯ ಒಂದು ಮುಖದಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳ ಭಾಗಗಳಿವೆ, ಇನ್ನೊಂದು ಮುಖದಲ್ಲಿ ಎರಡು ಪ್ರತ್ಯೇಕ ಶಾಸನಗಳು. ಈ ಪ್ರತ್ಯೇಕ ಶಾಸನಗಳು ಅದಕ್ಕೂ ಮುಂಚೆ ಒಡಿಶಾದ ಧೌಳಿ ಮತ್ತು ಜೌಗಡದಲ್ಲಿ ಮಾತ್ರ ಸಿಕ್ಕಿದ್ದವು.

ಹದಿನಾಲ್ಕನೆಯ ಶಾಸನ ಬೇರೆ ಊರುಗಳ ಬಂಡೆಗಳ ಮೇಲೆ ಪೂರ್ತಿಯಾಗಿ ಉಳಿದಿದೆ. ಅದರಲ್ಲಿ ಅರಸ ತನ್ನ ಬರಹದ ಬಗ್ಗೆಯೇ ಮಾತಾಡುತ್ತಾನೆ. ಕೆಲವು ಸಂಗತಿಗಳನ್ನು ಮತ್ತೆ ಮತ್ತೆ ಹೇಳಿರುವುದು ಅವುಗಳ ಸವಿಯಿಂದಾಗಿ, ಜನ ಹಾಗೆ ನಡೆಯಲಿ ಎಂಬ ಆಸೆಯಿಂದ ಎನ್ನುತ್ತಾನೆ. ದೊಡ್ಡ ಸಾಮ್ರಾಜ್ಯದ ದೊರೆ, ಭಯದ ಮಾತೆತ್ತದೆ, ಸವಿಯ ಕಾರಣಕ್ಕೆ ಮತ್ತೆ ಹೇಳಿದೆ ಎನ್ನುತ್ತಾನೆ. ನಾವು ಮೂರನೆಯ ಸಲ ಹೇಳುವಾಗ ನಮ್ಮ ದನಿಯಲ್ಲಿ ಸವಿ ಉಳಿದಿರುತ್ತದೆಯೇ?

ಮೊದಲನೆಯ ಪ್ರತ್ಯೇಕ ಶಾಸನ ಅಧಿಕಾರಿಗಳಿಗೆ ಬರೆದದ್ದು. ಜನರೆಲ್ಲ ನನ್ನ ಮಕ್ಕಳು ಎಂದು ಅಶೋಕ ಹೇಳುವುದು ಅಲ್ಲೇ. ಅಧಿಕಾರಿ ತನ್ನ ಕೆಲಸದಲ್ಲಿ ಯಾಕೆ ಸೋಲುತ್ತಾನೆ ಎಂಬುದಕ್ಕೆ ಅಲ್ಲಿ ಏಳು ಕಾರಣಗಳಿವೆ: ಅಸೂಯೆ, ಸಿಡುಕು, ನಿಷ್ಠುರತೆ, ಅವಸರ, ಅನಾವೂತಿ, ಆಲಸ್ಯ, ದಣಿವು. ಐದನೆಯ ಆ ಪ್ರಾಕೃತ ಮಾತನ್ನು ವಿದ್ವಾಂಸರು ಸಂಸ್ಕೃತದ ಅನಾವೃತ್ತಿ ಎಂದು ಓದುತ್ತಾರೆ, ಅಂದರೆ ಆವೃತ್ತಿ ಇಲ್ಲದಿರುವುದು, ಕೆಲಸಕ್ಕೆ ಮತ್ತೆ ಮತ್ತೆ ಮರಳದಿರುವುದು. ಈ ಪಟ್ಟಿಯನ್ನು ನಿಧಾನವಾಗಿ ಓದಿ ನೋಡಿ. ಮರಳಿ ಮಾಡದಿರುವುದು ಒಂದು ದೋಷ. ಅದಕ್ಕೂ ಮುಂಚೆ ಬರುವ ಸಿಡುಕು, ನಿಷ್ಠುರತೆ, ಅವಸರ ಕೂಡ ದೋಷಗಳೇ. ಮತ್ತೆ ಮಾಡಿಸು, ಆದರೆ ಸಿಡುಕಬೇಡ. ಮತ್ತೆ ಮಾಡಿಸು, ಆದರೆ ಅವಸರ ಬೇಡ. ಒಂದನೆಯ ತರಗತಿಯ ಗುರುವಿಗೆ ಇದಕ್ಕಿಂತ ಒಳ್ಳೆಯ ಕೈಪಿಡಿ ನನಗೆ ಗೊತ್ತಿಲ್ಲ.

ಇದೇ ಶಾಸನವನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಹೇಳಬೇಕು, ನಡುನಡುವೆಯೂ ಹೇಳಬೇಕು, ಕೇಳಲು ಒಬ್ಬನೇ ಇದ್ದರೂ ಹೇಳಬೇಕು ಎಂಬ ಕಟ್ಟಳೆಯೂ ಇದೆ. ಒಬ್ಬನೇ ಇದ್ದರೂ ಎಂಬುದನ್ನು ಗಮನಿಸಿ. ತರಗತಿಯ ಮೂವತ್ತು ಮಕ್ಕಳಲ್ಲಿ ಇಪ್ಪತ್ತೊಂಬತ್ತು ಜನ ಕಲಿತಾಗಿದೆ, ಒಬ್ಬಳಿಗೆ ಇನ್ನೂ 'ಳ' ಮತ್ತು 'ಲ' ಬೇರೆಯಾಗಿ ಕಾಣುತ್ತಿಲ್ಲ. ಅವಳೊಬ್ಬಳಿಗಾಗಿ ಮತ್ತೆ ಹೇಳಬೇಕು. 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಒಂದೇ ಸಲಕ್ಕೆ ರಾಶಿ ಹಾಕಿ ಉರು ಹೊಡೆಯುವುದಕ್ಕಿಂತ ದಿನಗಳ ನಡುವೆ ಹಂಚಿ ಮತ್ತೆ ನೋಡಿದ್ದು ಹೆಚ್ಚು ಉಳಿಯುತ್ತದೆ ಎಂದು ತೋರಿಸಿದ. ಒಂದು ರಾತ್ರಿ ನೂರು ಸಲ ಬರೆಸಿದ ನನಗೆ ಆ ಜರ್ಮನ್ ಪುಸ್ತಕವೂ ಗೊತ್ತಿರಲಿಲ್ಲ, ನಮ್ಮ ತಾಲ್ಲೂಕಿನ ಕಲ್ಲಿನ ಮಾತೂ ಗೊತ್ತಿರಲಿಲ್ಲ.

ಚಿತ್ತಾಪುರ ಪಟ್ಟಣದ ಮಗ್ಗುಲಿಗೇ ನಾಗಾವಿ ಇದೆ. ಯಲ್ಲಮ್ಮನ ಜಾತ್ರೆಗೆ ಹೋದವರು ಅರವತ್ತು ಕಂಬದ ಗುಡಿಯನ್ನೂ ನೋಡಿರುತ್ತೀರಿ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದ, 1058ರ ಶಾಸನ ಅಲ್ಲಿಯ ಘಟಿಕಾಸ್ಥಾನದ, ಅಂದರೆ ವಿದ್ಯಾಕೇಂದ್ರದ, ವಿವರ ಕೊಡುತ್ತದೆ. ವೇದ ಓದುವ ಇನ್ನೂರು ವಿದ್ಯಾರ್ಥಿಗಳು, ಶಾಸ್ತ್ರ ಓದುವ ಐವತ್ತರಷ್ಟು ಜನ, ಅವರಿಗೆ ಉಪಾಧ್ಯಾಯರು, ಪುಸ್ತಕಗಳನ್ನು ನೋಡಿಕೊಳ್ಳಲು ಆರು ಜನ ಸರಸ್ವತೀ ಭಂಡಾರಿಗರು. ಗ್ರಂಥಾಲಯಕ್ಕೆ ಆರು ಜನ ಎಂಬುದನ್ನು ಓದಿದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ವೇದಪಾಠದ ಪದ್ಧತಿಯಲ್ಲಿ ನಮಗೆ ಬೇಕಾದ ಒಂದು ಜಾಣ್ಮೆಯಿದೆ. ಅಲ್ಲಿ ಪುನರಾವರ್ತನೆ ಬರೀ ತಿರುಗಣಿಯಲ್ಲ. ಕ್ರಮಪಾಠದಲ್ಲಿ ಒಂದನೆಯ ಪದವನ್ನು ಎರಡನೆಯದರ ಜೊತೆ, ಎರಡನೆಯದನ್ನು ಮೂರನೆಯದರ ಜೊತೆ ಹೇಳುತ್ತಾ ಹೋಗುತ್ತಾರೆ. ಜಟಾಪಾಠದಲ್ಲಿ ಜೋಡಿಯನ್ನು ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಹೇಳುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಮಳೆ ಬಂತು, ಬಂತು ಮಳೆ, ಮಳೆ ಬಂತು. ಹೀಗೆ ತಿರುವಿ ಹೇಳಿದಾಗ ತಪ್ಪಿಗೆ ಅಡಗಿ ಕೂರಲು ಜಾಗವಿರುವುದಿಲ್ಲ, ತಪ್ಪಿದವನಿಗೇ ತನ್ನ ತಪ್ಪು ಕೇಳಿಸುತ್ತದೆ. ಖುರಾನ್ ಕಂಠಸ್ಥ ಮಾಡುವ ಮದರಸಾಗಳಲ್ಲೂ ಇಂಥದೇ ಶಿಸ್ತಿದೆ. ಅಂದಿನ ಹೊಸ ಪಾಠ ಸಬಕ್. ಅದರ ಜೊತೆಗೆ ಮೊನ್ನೆಮೊನ್ನೆಯ ಪಾಠ, ಅದರ ಜೊತೆಗೆ ಬಹಳ ಹಿಂದಿನ ಪಾಠ, ಮೂರನ್ನೂ ಉಸ್ತಾದರ ಮುಂದೆ ಕುಳಿತು ಒಪ್ಪಿಸಬೇಕು. ಎರಡೂ ಕಡೆ ಎದುರಿಗೆ ಕೇಳುವ ಒಬ್ಬರು ಇದ್ದೇ ಇರುತ್ತಾರೆ.

ನಾಗಾವಿಯ ಘಟಿಕಾಸ್ಥಾನದ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ಕಲ್ಲು ಒಡೆಯುವವರ ಮಗಳು, ತಾಂಡಾದ ಹುಡುಗ ಅಲ್ಲಿ ಕಾಲಿಡುವ ಹಾಗಿರಲಿಲ್ಲ. ಇವತ್ತು ಅವರೆಲ್ಲ ನಿಮ್ಮ ಬಾಗಿಲಲ್ಲಿ ನಿಂತಿದ್ದಾರೆ. ನಾಗಾವಿಗೆ ಸಾಧ್ಯವಾಗದ ಕೆಲಸ ನಿಮ್ಮ ಎರಡು ಕೋಣೆಯ ಶಾಲೆಗೆ ಸಾಧ್ಯವಾಗಿದೆ. ಅಂದು ಕೆಲವರಿಗೆ ಸಿಕ್ಕ ಆ ಎದುರಿಗೆ ಕುಳಿತು ಕೇಳುವ ಕಿವಿ ಇಂದು ಈ ಮಕ್ಕಳಿಗೆ ಸಿಗದೆ ಹೋಗಬಾರದು.

ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯನ 'ಕವಿರಾಜಮಾರ್ಗ' ಹುಟ್ಟಿದ್ದು ಕಾಗಿಣಾ ದಂಡೆಯ ಆ ರಾಜಧಾನಿಯ ನೆರಳಲ್ಲಿ. ಈ ನಾಡಿನ ಜನ 'ಕುರಿತು ಓದದೆಯೂ' ಕಾವ್ಯದಲ್ಲಿ ಪಳಗಿದವರು ಎಂಬ ಅದರ ಹೊಗಳಿಕೆಯನ್ನು ನೀವೂ ಪಾಠ ಮಾಡಿದ್ದೀರಿ. ಓದದೆ ಪಳಗುವುದು ಹೇಗೆ? ಕಿವಿಯಿಂದ. ಬೀಸುವ ಕಲ್ಲಿನ ಮುಂದೆ ಅವ್ವ ಹಾಡಿದ್ದನ್ನು ಮಗಳು ದಿನಾ ಕೇಳಿ ತಾನೂ ದನಿಗೂಡಿಸುತ್ತಿದ್ದಳು. ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವಾಗ ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಂದೆ ಹೇಳುತ್ತಾರೆ. ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ಆದರೆ ಪ್ರತಿ ನುಡಿ ಮುಗಿದು ಬಂದಾಗಲೂ ಅದರ ಅರ್ಥ ಒಂದು ಪದರ ಆಳಕ್ಕೆ ಇಳಿದಿರುತ್ತದೆ. ನಿಮ್ಮ ಮಗ್ಗಿಯೂ ಹಾಗೇ ಆಗಲಿ. ಎರಡೊಂದ್ಲೆ ಎರಡು, ಎರಡೆರಡ್ಲೆ ನಾಕು ಎಂದು ರಾಗ ಹಾಕಿ ಹೇಳಿಸಿ, ಅದರಲ್ಲಿ ಸಂತೋಷವಿದೆ. ರಾಗ ಒಂದು ಸುತ್ತು ಮುಗಿದ ಮೇಲೆ ನಾಕು ಹುಣಸೆ ಬೀಜ ಕೈಗಿಟ್ಟು ಎರಡೆರಡಾಗಿ ಜೋಡಿಸಲು ಹೇಳಿ. ಪಲ್ಲವಿ ಆಳಕ್ಕೆ ಇಳಿಯುತ್ತದೆ.

ವಾಡಿ ಜಂಕ್ಷನ್ನಿನಲ್ಲಿ ರೈಲಿನ ಮಕ್ಕಳು ಧ್ವನಿವರ್ಧಕದ ಪ್ರಕಟಣೆಯನ್ನು ಮೂರು ಭಾಷೆಯಲ್ಲಿ ಚಾಚೂ ತಪ್ಪದೆ ಒಪ್ಪಿಸುವುದನ್ನು ನಾನು ಕೇಳಿದ್ದೇನೆ. ದಿನಕ್ಕೆ ಹತ್ತಾರು ಸಲ ಕಿವಿಗೆ ಬಿದ್ದರೆ ಬಾಯಿಗೆ ಬರುತ್ತದೆ, ನಿಜ. ಆದರೆ ಆ ಮಕ್ಕಳಿಗೆ ಅದೇ ಪ್ರಕಟಣೆಯನ್ನು ಬರೆದು ಕೊಟ್ಟರೆ ಓದಲು ಬರುವುದಿಲ್ಲ. ಧ್ವನಿವರ್ಧಕಕ್ಕೆ ಬಾಯಿದೆ, ಕಿವಿಯಿಲ್ಲ. ಶಹಾಬಾದಿನ ಫರಸಿ ಕಲ್ಲಿನವರು ಇದಕ್ಕೆ ತಿರುಗುಮುರುಗು. ಪದರಪದರಾದ ಕಲ್ಲನ್ನು ಸೀಳುವಾಗ ಉಳಿಯನ್ನು ಗೆರೆಯುದ್ದಕ್ಕೂ ಇಡುತ್ತಾ ಸಣ್ಣ ಸಣ್ಣ ಪೆಟ್ಟು ಕೊಡುತ್ತಾರೆ. ಪ್ರತಿ ಪೆಟ್ಟಿನ ನಂತರ ಕಲ್ಲಿನ ದನಿ ಕೇಳುತ್ತಾರೆ. ಜೋರಾಗಿ ಒಂದೇ ಪೆಟ್ಟು ಕೊಟ್ಟರೆ ಚಪ್ಪಡಿ ಅಡ್ಡಾದಿಡ್ಡಿ ಒಡೆಯುತ್ತದೆ ಎಂದು ಅವರಿಗೆ ಗೊತ್ತು. ಕಲ್ಲಿನ ವಿಷಯದಲ್ಲಿ ಅಪ್ಪ ತೋರುವ ಈ ತಾಳ್ಮೆ ಮಗನ ವಿಷಯದಲ್ಲಿ ನಮಗೂ ಇರಬೇಕು.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಒಂದೇ ಕೋಣೆಯಲ್ಲಿ ನಾಲ್ಕು ತರಗತಿ ಕೂರಿಸಿ ಪಾಠ ಮಾಡಿದವನು ನಾನು. ಬಿಸಿಯೂಟದ ಲೆಕ್ಕ, ಸಮೀಕ್ಷೆ, ಆನ್‌ಲೈನ್ ಮಾಹಿತಿ, ಚುನಾವಣೆಯ ಕೆಲಸ, ಇವುಗಳ ನಡುವೆ ಪ್ರತಿ ಮಗುವಿನ ಪಟ್ಟಿ ನೋಡಿ ಎನ್ನುವುದು ಸುಲಭ, ನೋಡುವುದು ಕಷ್ಟ. ಮೇಲಿಂದ ಫಲಿತಾಂಶದ ಒತ್ತಡ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಶೇಕಡಾ 42ರ ಆಸುಪಾಸಿನಲ್ಲಿ ನಿಂತು ನಮ್ಮ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆಯದಾಯಿತು. ಅಂಥ ಸುದ್ದಿ ಬಂದಾಗ ಹತ್ತನೆಯ ತರಗತಿಯ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್ ಕೊಟ್ಟು, ರಾತ್ರಿ ಕೂರಿಸಿ, ಆರು ತಿಂಗಳು ತುಂಬುತ್ತಾರೆ. ಚೀಲದ ಮೇಲೆ ನಿಂತು ತುಳಿಯುವ ಕೆಲಸ ಅದು. ಒಂದನೆಯ ತರಗತಿಯಲ್ಲಿ ಬೆರಳು ಮಾಡಬೇಕಿದ್ದ ಕೆಲಸವನ್ನು ಹತ್ತನೆಯಲ್ಲಿ ಹಿಂಬಡದಿಂದ ಮಾಡಲು ಹೊರಟರೆ ಮಕ್ಕಳಿಗೆ ನೋವಾಗುತ್ತದೆ, ಅಕ್ಷರವೂ ಹತ್ತುವುದಿಲ್ಲ. ನಿಮ್ಮ ತರಗತಿಗೆ ಯಾವ ರ‍್ಯಾಂಕೂ ಇಲ್ಲ, ಪತ್ರಿಕೆಯಲ್ಲಿ ಫೋಟೋ ಬರುವುದಿಲ್ಲ. ಆದರೂ ಈ ಜಿಲ್ಲೆಯ ಹತ್ತನೆಯ ತರಗತಿ ತೀರ್ಮಾನವಾಗುವುದು ನಿಮ್ಮ ಕೋಣೆಯಲ್ಲೇ.

ಅದಕ್ಕೇ ನಾಲ್ಕು ಮಾತು ಬೇಡಿಕೊಳ್ಳುತ್ತೇನೆ.

ಬರೆಸುವ ಲೆಕ್ಕ ಇಳಿಸಿ, ನೋಡುವ ಲೆಕ್ಕ ಏರಿಸಿ. ಐದು ಸಲ ಸಾಕು, ನಿಮ್ಮ ಕಣ್ಣ ಮುಂದೆ ಆಗಲಿ. ಎರಡನೆಯ ಸಾಲು ಮುಗಿಯುವಾಗ ಒಮ್ಮೆ ಸಾಲುಗಳ ನಡುವೆ ನಡೆದು ಬನ್ನಿ, ತಪ್ಪು ಹುಟ್ಟುವುದು ಮೂರನೆಯ ಸಾಲಿನಲ್ಲಿ. ಇವತ್ತು ಐದು, ನಾಳೆ ಎರಡು, ಎಂಟು ದಿನ ಬಿಟ್ಟು ಮತ್ತೆ ಎರಡು.

ಬರವಣಿಗೆಯನ್ನು ಶಿಕ್ಷೆ ಮಾಡಬೇಡಿ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ತಡೆದಿದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಅಕ್ಷರವನ್ನು ದಂಡವೆಂದು ಕಟ್ಟಿದ ಮಗು ದೊಡ್ಡದಾದ ಮೇಲೆ ಪುಸ್ತಕದ ಅಂಗಡಿಯ ಮುಂದೆ ನಿಲ್ಲುವುದಿಲ್ಲ.

ಮಗುವಿನ ಮನೆಮಾತಿನಿಂದ ಹೊರಡಿ. ನಿಮ್ಮ ಮುಂದೆ ಲಂಬಾಣಿ, ಉರ್ದು, ತೆಲುಗು, ಮರಾಠಿ ಮಾತಾಡುವ ಮನೆಗಳ ಮಕ್ಕಳಿದ್ದಾರೆ. ಅರ್ಥ ಗೊತ್ತಿಲ್ಲದ ಮಾತನ್ನು ಎಷ್ಟು ಸಲ ಹೇಳಿಸಿದರೂ ಅದು ರೈಲಿನ ಪ್ರಕಟಣೆಯೇ. ಮೊದಲು ಒಮ್ಮೆ ಅವರ ಮಾತಿನಲ್ಲಿ ಅದಕ್ಕೆ ಏನೆನ್ನುತ್ತಾರೆ ಎಂದು ಕೇಳಿ. ನೀವೂ ಎರಡು ಸಲ ಹೇಳಿ ನೋಡಿ. ನಿಮ್ಮ ನಾಲಗೆ ತೊಡರಿದಾಗ ಮಗು ನಿಮ್ಮನ್ನು ತಿದ್ದುತ್ತದೆ. ತಾನೂ ತಿದ್ದಬಲ್ಲೆ ಎಂದು ಗೊತ್ತಾದ ಮಗು ತಿದ್ದಿಸಿಕೊಳ್ಳಲು ಹಿಂಜರಿಯುವುದಿಲ್ಲ.

ದುಡಿಯಲು ಹೋಗಿ ಬಂದವರ ಮಕ್ಕಳನ್ನು ಮರಳಿ ಮೊದಲಿನಿಂದ ಶುರುಮಾಡಿಸುವಾಗ ದನಿಯಲ್ಲಿ ಬೇಸರ ಬೇಡ. ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡಗಳ ಹತ್ತಿರ ನಾಲ್ಕು ತಿಂಗಳು ಇದ್ದು ಬಂದ ಮಗು ಅಕ್ಷರ ಮರೆತಿರುತ್ತದೆ. ನಮ್ಮ ರೈತರನ್ನು ನೋಡಿ. ತೊಗರಿ ಬಿತ್ತಿದ ಮೇಲೆ ಅದೇ ಸಾಲಿನ ನಡುವೆ ಮತ್ತೆ ಮತ್ತೆ ಎಡೆ ಹೊಡೆಯುತ್ತಾರೆ. ಹೋದ ಸಲ ಹೊಡೆದಿದ್ದೆನಲ್ಲ ಎಂದು ಯಾರೂ ಹೊಲದ ಮೇಲೆ ಸಿಟ್ಟಾಗುವುದಿಲ್ಲ. ಕಳೆ ಬಂದಿದೆ, ತೆಗೆಯಬೇಕು, ಅಷ್ಟೆ. ಆ ಎಡೆ ಹೊಡೆತದಿಂದಲೇ ನಮ್ಮ ನೆಲಕ್ಕೆ ತೊಗರಿಯ ಕಣಜ ಎಂಬ ಹೆಸರು ಬಂದಿದೆ.

ಸೇಡಂ ಕಡೆಯ ಟೀಚರಮ್ಮ, ನೀವು ಕೇಳಿದ್ದಕ್ಕೆ ಈಗ ಉತ್ತರ ಹೇಳುತ್ತೇನೆ. ಕೈಪಿಡಿಯಲ್ಲಿ ಆ ಇಂಗ್ಲಿಷ್ ಪದ ಬಂದ ಕಡೆಯಲ್ಲೆಲ್ಲ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ತಿದ್ದಿಸು ಎಂದು ಬರೆದುಕೊಳ್ಳಿ. ಸತ್ಯ ಹೇಳುವುದನ್ನು, ಹಂಚಿ ತಿನ್ನುವುದನ್ನು, ಬಿದ್ದವನನ್ನು ಎಬ್ಬಿಸುವುದನ್ನು ಕೂಡ ಅಕ್ಷರದ ಹಾಗೆಯೇ ತಿದ್ದಿಸಬೇಕು. ನೀವು ಮೊದಲು ದೊಡ್ಡದಾಗಿ ಬರೆದು ತೋರಿಸಬೇಕು, ಅಂದರೆ ನಡೆದು ತೋರಿಸಬೇಕು. ಮಗು ಅದರ ಮೇಲೆ ಕೈಯಾಡಿಸುತ್ತದೆ, ಗೆರೆ ತಪ್ಪುತ್ತದೆ, ಮತ್ತೆ ಮಾಡುತ್ತದೆ. ನೀವು ಪಕ್ಕದಲ್ಲಿ ಇರುತ್ತೀರಿ.

ಆ ಮದುವೆಗೆ ನಾನು ಹೋಗಿದ್ದೆ. ಹುಡುಗ ಈಗ ಮಾವನಾಗಿ ಪಂಕ್ತಿಯಲ್ಲಿ ಓಡಾಡಿ ಬಡಿಸುತ್ತಿದ್ದ. ನನ್ನ ಕಾಲಿಗೆ ನಮಸ್ಕರಿಸಿ, ತಮ್ಮನ ಮಗಳನ್ನು ಕರೆದು, "ಈಕಿ ಈ ಜೂನಿಗಿ ಸಾಲಿಗಿ ಹೋಗ್ತಾಳ್ರಿ, ಆಶೀರ್ವಾದ ಮಾಡ್ರಿ" ಎಂದ. ಆ ಗೀಟಿನ ಮಾತು ಎತ್ತಲು ಅದು ಜಾಗವಾಗಿರಲಿಲ್ಲ. ಮದುವೆಯ ಗದ್ದಲ ಮುಗಿದ ಮೇಲೆ ಒಂದು ಕಾಗದ ಬರೆದೆ. ತಪ್ಪು ನಿನ್ನದಲ್ಲ, ಅವತ್ತು ನಾನು ನೋಡಲಿಲ್ಲ ಎಂದು ಬರೆದು, ಆ ಪದವನ್ನು ಒಂದೇ ಒಂದು ಸಲ, ದೊಡ್ಡದಾಗಿ, ಸರಿಯಾಗಿ ಬರೆದು ಕಳಿಸಿದೆ.

ಆ ಹುಡುಗಿ ಈಗ ನಿಮ್ಮಲ್ಲಿ ಒಬ್ಬರ ತರಗತಿಯಲ್ಲಿ ಕುಳಿತಿದ್ದಾಳೆ. ಇನ್ನು ಮೂರ್ನಾಲ್ಕು ವರ್ಷಕ್ಕೆ ಅವಳೂ ಆ ಪದ ಬರೆಯುತ್ತಾಳೆ. 'ದ'ಕಾರದ ಕೆಳಗೆ ಒಂದು ಸಣ್ಣ ಗೀಟು ಬಂದೀತು. ಅದನ್ನು ನೋಡಿ.

ನಿಮ್ಮ ಹಿರಿಯ ಸಹೋದ್ಯೋಗಿ,
ನಿವೃತ್ತ ಕನ್ನಡ ಶಿಕ್ಷಕ